ಸಣ್ಣಾಕಿ ಯಾವಾಗ ಆಗ್ತಿ?

ಬರ ಬಿದ್ದ ಎರಡನೆಯ ವರ್ಷ. ಬೀದರಿನ ಮನೆಯಲ್ಲಿ ಅಡುಗೆ ಮುಗಿಸಿ, ಬಸ್ಸು ಹಿಡಿದು, ಭಾಲ್ಕಿ ಸಮೀಪದ ಒಂದು ಹಳ್ಳಿಶಾಲೆಗೆ ವಾರಕ್ಕೆರಡು ದಿನ ಕೌನ್ಸೆಲರ್ ಆಗಿ ಹೋಗುತ್ತಿದ್ದೆ. ಚೀಲದಲ್ಲಿ ಡೆವಲಪ್‌ಮೆಂಟಲ್ ಚಾರ್ಟ್ ಇರುತ್ತಿತ್ತು. ಯಾವ ವಯಸ್ಸಿನ ಮಗು ಏನು ಮಾಡಬೇಕು, ಹೇಗೆ ಯೋಚಿಸಬೇಕು ಎಂದು ತೋರಿಸುವ ಪಟ್ಟಿ ಅದು.

ಆ ದಿನ ನಾನು ತಲುಪುವಷ್ಟರಲ್ಲಿ ಏಳನೆಯ ತರಗತಿಯ ಸವಿತಾ, ಒಂದನೆಯ ತರಗತಿಯ ತಂಗಿಯನ್ನು ಎಳೆದುಕೊಂಡು ಆಟದ ಸಾಮಾನಿನ ಕೋಣೆ ಹೊಕ್ಕು ಚಿಲಕ ಹಾಕಿದ್ದಳು. ತಂದೆತಾಯಿ ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ರೊಟ್ಟಿ, ನೀರು, ತಂಗಿ ಎಲ್ಲ ಇವಳದೇ. ತಂಗಿಯೊಬ್ಬಳನ್ನೇ ಶಾಲೆಯವರು ಔರಾದಿನ ಹಾಸ್ಟೆಲಿಗೆ ಕಳಿಸುವ ಮಾತು ಅವಳ ಕಿವಿಗೆ ಬಿದ್ದಿತ್ತು.

“ಮೇಡಂ, ಈ ಸವಿತಾಗ ತಲಿ ಸರಿ ಇಲ್ರಿ. ಹಾಂಗಂತ ಬರದು ಕೊಡ್ರಿ, ಬ್ಯಾರೆ ಕಡಿ ಕಳಸ್ತೇವಿ,” ಎಂದರು ಹೆಡ್‌ಮಾಸ್ತರರು. ಬಾಗಿಲು ಮುರಿಯಲು ಜವಾನ ಹಾರೆ ತಂದು ನಿಂತಿದ್ದ. ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡೆ.

ಕಿಟಕಿಯಿಂದ ನೋಡಿದೆ. ಒಂದೇ ಕೆಂಪು ರಿಬ್ಬನ್ನು ಎರಡು ತುಂಡಾಗಿ ತಂಗಿಯ ಎರಡೂ ಜಡೆಯಲ್ಲಿತ್ತು. ಸವಿತಾಳ ತಲೆ ಬಾಚಿರಲಿಲ್ಲ. ಉಗುರಲ್ಲಿ ಜೋಳದ ಹಿಟ್ಟು ಒಣಗಿತ್ತು. ಚಾರ್ಟಿನ ಪ್ರಶ್ನೆಯನ್ನೇ ಕೇಳಿದೆ: “ದೊಡ್ಡಾಕಿ ಆದ ಮ್ಯಾಲ ಏನ್ ಆಗ್ತಿ?”

“ಆಗಲೇ ದೊಡ್ಡಾಕಿ ಆಗೀನಲ್ಲರಿ ಅಕ್ಕೋರ.”

ಚಾರ್ಟಿನ ಮುಂದಿನ ಪ್ರಶ್ನೆ ಬಿಟ್ಟೆ. ಕನ್‌ಸ್ಟ್ರಕ್ಟಿವಿಸ್ಟ್ ಅಸೆಸ್‌ಮೆಂಟ್ ಎಂದರೆ, ಎದುರಿಗಿರುವವರು ತಮ್ಮ ಬದುಕಿಗೆ ತಾವೇ ಕಟ್ಟಿಕೊಂಡ ಅರ್ಥವನ್ನು ಅವರ ಮಾತಿನಿಂದಲೇ ತಿಳಿಯುವುದು. ಕೌನ್ಸೆಲಿಂಗ್ ಕೋರ್ಸಿನ ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದೆ. ಈಗ ಅವಳ ಮಾತನ್ನೇ ಹಿಡಿದುಕೊಂಡೆ.

“ಮತ್ತ ಸಣ್ಣಾಕಿ ಯಾವಾಗ ಆಗ್ತಿ?”

ಜವಾನ ಹಾರೆಯನ್ನು ಕೈ ಬದಲಿಸಿಕೊಂಡ.

“ಅವ್ವ ಬಂದ ದಿನರಿ. ಅವತ್ತ ಮಲಗ್ತೇನಿ. ಈಗ ಮಲಗಿದ್ರ ಇಕಿನ್ನ ಒಯ್ತಾರ.”

ಹೆಡ್‌ಮಾಸ್ತರರ ಕಡೆ ತಿರುಗಿದೆ. “ತಲಿ ಸರಿ ಅದರಿ ಸರ್. ನಿದ್ದಿ ಇಲ್ಲ.” ಕಳಿಸುವುದಾದರೆ ಇಬ್ಬರನ್ನೂ ಜೊತೆಗೇ ಕಳಿಸಬೇಕು, ಅದನ್ನು ಅವಳಿಗೆ ತಾವೇ ಹೇಳಬೇಕು ಎಂದೆ. ಅವರು ನನ್ನನ್ನೂ ಹಾರೆಯನ್ನೂ ನೋಡಿ, ಕಿಟಕಿಗೆ ಬಗ್ಗಿದರು.

“ನಿನ್ನ ಬಿಟ್ಟು ತಂಗೀನ ಎಲ್ಲೂ ಕಳಸಂಗಿಲ್ಲವಾ, ಸವಿತಾ.”

ಚಿಲಕ ಸರಿಯಿತು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಅವಳು ಮಲಗಿದಳು. ನಿದ್ದೆಯಲ್ಲೂ ತಂಗಿಯ ಫ್ರಾಕಿನ ತುದಿ ಬಿಡಲಿಲ್ಲ.

ಮುಂದೆ ಇಬ್ಬರೂ ಒಂದೇ ಹಾಸ್ಟೆಲಿಗೆ ಹೋದರು. ಚಾರ್ಟನ್ನು ನಾನು ಬಿಡಲಿಲ್ಲ. ಆದರೆ ಮಗು ಎಷ್ಟು ಬೆಳೆದಿದೆ ಎಂದು ಅಳೆಯುವ ಮೊದಲು, ದೊಡ್ಡವರಾಗುವುದು ಎಂದರೆ ಏನೆಂದು ಆ ಮಗುವನ್ನೇ ಕೇಳುತ್ತೇನೆ. ಸವಿತಾಳ ಲೆಕ್ಕದಲ್ಲಿ, ದೊಡ್ಡಾಕಿ ಎಂದರೆ ಮಲಗದೇ ಇರುವವಳು.