ಗುಳಿಗೆ ಪಟ್ಟಿಯ ಹೆಡ್‌ಲೈಟು

ಹಿರೇಕೆರೂರಿನ ಬಸ್‌ಸ್ಟ್ಯಾಂಡ್ ಎದುರು ವಾಚ್ ರಿಪೇರಿ ಅಂಗಡಿ ಇಟ್ಟಿರುವ ಹಸನಸಾಬರು ಬಹಳ ಒಳ್ಳೆಯ ಮನುಷ್ಯ. ಇದನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ.

ಈಗ ವಾಚು ರಿಪೇರಿಗೆ ತರುವವರು ಕಡಿಮೆ. ಆ ಬಿಡುವಿನಲ್ಲಿ ಅವರು ಮೊಳದುದ್ದದ ಒಂದು ಬಸ್ಸು ಕಟ್ಟತೊಡಗಿದರು. ಮೈಗೆ ಸೀರೆ ಅಂಗಡಿಯ ರಟ್ಟು, ಒಳಗಿನ ಸರಳುಗಳಿಗೆ ಖಾಲಿ ರಿಫಿಲ್ಲು, ಚಕ್ರಕ್ಕೆ ಸವೆದ ಹವಾಯಿ ಚಪ್ಪಲಿ, ವೈಪರಿಗೆ ಕೆಟ್ಟ ವಾಚಿನ ಮುಳ್ಳು. ಊರವರು ತಿಪ್ಪೆಗೆ ಎಸೆಯುವುದೆಲ್ಲ ಅವರ ಮೇಜಿನ ಮೇಲೆ.

ಅದು ಯಾವ ಬಸ್ಸು ಗೊತ್ತೇ? ನನ್ನ ಅಪ್ಪ ಪರಮೇಶಪ್ಪ ಇಪ್ಪತ್ತೆಂಟು ವರ್ಷ ಹಾವೇರಿಗೆ ಓಡಿಸಿದ ಬಸ್ಸು! ಅದರ ಪುಟ್ಟ ಮಾದರಿಯನ್ನು ಅವರಿಗಿಂತ ಮೊದಲೇ ನಾನು ಮಾಡಿದ್ದೆ. ಆನ್‌ಲೈನಿನಲ್ಲಿ ರಬ್ಬರ್ ಗಾಲಿ, ಪುಟಾಣಿ ಹೆಡ್‌ಲೈಟು, ಬಣ್ಣ ಎಲ್ಲ ತರಿಸಿ, ಎರಡು ತಿಂಗಳು ಕೂತು ಮಾಡಿ, ಅಪ್ಪನ ಕೈಗಿಟ್ಟಿದ್ದೆ. "ಚಂದ ಐತಿ" ಎಂದು ಕಪಾಟಿನಲ್ಲಿಟ್ಟ. ಅಷ್ಟೇ.

ಹಸನಸಾಬರ ಅರೆಬರೆ ಬಸ್ಸಿನ ಮುಂದೆ ಮಾತ್ರ ದಿನವೂ ಹೋಗಿ ಕೂರುತ್ತಾನೆ. ಗೇರಿನ ಕೋಲು ಎಷ್ಟು ಬಾಗಿತ್ತು, ಬಾಗಿಲಿಗೆ ಎಲ್ಲಿ ತಂತಿ ಬಿಗಿದಿದ್ದರು, ಎಲ್ಲ ಹೇಳುತ್ತಾನೆ. ನನಗೆ ಒಂದು ದಿನವೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ ಅನ್ನಿ.

ಆ ಬಸ್ಸಿನ ಹೆಡ್‌ಲೈಟಿಗೆಂದು ಅಪ್ಪ ತನ್ನ ಬಿಪಿ ಗುಳಿಗೆಯ ಖಾಲಿ ಪಟ್ಟಿಗಳನ್ನು ದಿಂಬಿನ ಕೆಳಗೆ ಕೂಡಿಡುತ್ತಿದ್ದ. ಗುಳಿಗೆ ಕೂತಿದ್ದ ಪಾರದರ್ಶಕ ಗುಳ್ಳೆಯನ್ನು ಕತ್ತರಿಸಿದರೆ ದೀಪದ ಗಾಜು ತಯಾರು. ದೀಪಾವಳಿಗೆ ನಾನು ಕೊಟ್ಟ ಶಾಲನ್ನೂ ಅವನು ಅಷ್ಟು ಜೋಪಾನ ಮಾಡಿಲ್ಲ. ಒಂದು ಬೆಳಿಗ್ಗೆ ಹೊಟ್ಟೆಕಿಚ್ಚು ತಡೆಯಲಾಗದೆ ಅಷ್ಟನ್ನೂ ಬಚ್ಚಲ ಒಲೆಗೆ ಹಾಕಿಬಿಟ್ಟೆ.

ವಾಸನೆಗೆ ಅಪ್ಪ ಎದ್ದು ಬಂದ. ಒಲೆ ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ.

"ಚನ್ನೇಶ, ಹಸನಸಾಬ ಇವತ್ತ ಲೈಟ್ ಕೂಡಸ್ತೇನಿ ಅಂದಿದ್ದ" ಎಂದ.

"ಇನ್ನೊಂದ ಹತ್ತ ದಿನಕ್ಕ ಮತ್ತ ಪಟ್ಟಿ ಖಾಲಿ ಆಗ್ತಾವ ಬಿಡಪ್ಪಾ" ಎಂದೆ.

"ಅಲ್ಲೀತನಾ ಯಾಕ ಕಾಯೂದು? ನಿನ್ನ ಬಸ್ಸಿಂದು ಬಿಚ್ಚಿ ಕೊಡು. ಹೆಂಗೂ ಸುಮ್ಮನ ಕುಂತೈತಲ್ಲ."

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ರದ್ದಿ ಪೇಪರು ಇದ್ದರೆ ಕೊಡು ಎನ್ನುವಷ್ಟು ಸಹಜವಾಗಿ ಕೇಳಿದ. ಸ್ಕ್ರೂಡ್ರೈವರ್ ತಂದು ನಾನೇ ಬಿಚ್ಚಿದೆ. ಅಪ್ಪ ಎರಡೂ ದೀಪಗಳನ್ನು ಅಂಗೈಯಲ್ಲಿ ಹಿಡಿದು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ತಿರುಗಿ, "ಗಾಲೀನೂ ಬಿಚ್ಚಾಕ ಬರ್ತಾವೇನ ನೋಡಿಡು" ಎಂದ.