ಐದು ಬಿಂದು

ಕಂಪೌಂಡರ್ ಕಾಕಾ ಅವರ ಎಡ ಮುಂಗೈ ಸದಾ ಅಂಟಂಟಾಗಿರುತ್ತಿತ್ತು. ಹನಿ ಔಷಧ ಒಯ್ಯಲು ಬಂದವರಿಗೆ ತೋರಿಸಲೆಂದೇ ಸಕ್ಕರೆ ನೀರು ತುಂಬಿದ ಹಳೆಯ ಸೀಸೆಯೊಂದನ್ನು ಇಟ್ಟುಕೊಂಡಿದ್ದರು. ಮುಂಗೈ ಚಾಚಿ, ಅದರ ಮೇಲೆ ಒಂದೊಂದೇ ಬೀಳಿಸಿ, "ನೋಡವ್ವಾ, ಇದು ಒಂದು ಹನಿ. ಇದು ಎರಡು. ಧಾರಿ ಆಗಬಾರ್ದು" ಅನ್ನುವರು. ತೆಲುಗಿನವರಿಗೆ 'ಚುಕ್ಕ', ಉರ್ದುವಿನವರಿಗೆ 'ಬೂಂದ್'.

ದೇವದುರ್ಗದ ಆ ಔಷಧದಂಗಡಿಯಲ್ಲಿ ಅವರದು ಮೂವತ್ತು ವರ್ಷದ ಚಾಕರಿ. ನಾನು ರಾಯಚೂರಿನಲ್ಲಿ ಫಾರ್ಮಸಿ ಓದಿ ಹೊಸದಾಗಿ ಸೇರಿದವನು. ಡಬ್ಬಿಯ ಮೇಲೆ ಅವರು 'ಹನಿ' ಎಂದು ಬರೆದರೆ ನಾನು 'ಬಿಂದು' ಎಂದು ಬರೆಯುತ್ತಿದ್ದೆ. ಪುಸ್ತಕದ ಪದ, ತೂಕವಿದೆ ಅನಿಸುತ್ತಿತ್ತು.

"ಬಿಂದು ಅಂದ್ರ ಚುಕ್ಕಿನೂ ಆಗ್ತದಪ್ಪಾ. ಮಂದಿ ಬಾಯಾಗ ಇರೋದು ಬರಿ," ಅಂದರು ಒಮ್ಮೆ.

"ಓದಿದವ್ರಿಗೆ ತಿಳೀತದ ಬಿಡ್ರಿ ಕಾಕಾ."

ಅವರು ಏಳನೇ ತರಗತಿಗೇ ಶಾಲೆ ಬಿಟ್ಟವರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದದ್ದು.

ಒಂದು ಸಂತೆಯ ದಿನ ಹತ್ತಿರದ ಜಾಲಹಳ್ಳಿಯವರೊಬ್ಬರು ತಮ್ಮೂರಿನ ಕೂಸೊಂದಕ್ಕೆಂದು ನೆಗಡಿಯ ಔಷಧ ಒಯ್ದರು. ಡಬ್ಬಿಯ ಮೇಲೆ '೫ ಬಿಂದು' ಎಂದು ಬರೆದುಕೊಟ್ಟೆ. ಸಂಜೆ ಅಂಗಡಿಗೆ ಕೂಸಿನ ತಾಯಿಯ ಫೋನ್ ಬಂತು.

"ಯಪ್ಪಾ, ಬಿಂದು ಅಂದ್ರೇನ್ರೀ?"

ಕೌಂಟರಿನ ಮುಂದೆ ಜನ ನಿಂತಿದ್ದರು. "ಬಿಂದು ಅಂದ್ರ ಬಿಂದು! ಬರದದ್ದು ಓದಾಕ ಬರಲ್ಲೇನು?" ಎಂದು ಇಟ್ಟುಬಿಟ್ಟೆ.

ಔಷಧ ಹಾಕುವ ನಳಿಕೆಯ ಮೇಲೆ ಅಳತೆಗೆಂದು ಸಣ್ಣ ಚುಕ್ಕಿಗಳಿದ್ದವು. ಆಕೆ ಐದನೇ ಚುಕ್ಕಿಯವರೆಗೆ ತುಂಬಿ ಕೂಸಿಗೆ ಕುಡಿಸಿದಳು. ಬೆಳಿಗ್ಗೆ ಮತ್ತೊಮ್ಮೆ ಕುಡಿಸಿದಳು.

ಮಧ್ಯಾಹ್ನ ಕೂಸಿನ ತಂದೆ ಬಂದು ಡಬ್ಬಿಯನ್ನು ಕೌಂಟರಿಗೆ ಬಡಿದ. ಕೂಸು ಕಣ್ಣು ಬಿಡುತ್ತಿಲ್ಲ, ರಾಯಚೂರಿಗೆ ಒಯ್ದಿದ್ದಾರೆ ಎಂದ. "ಇದನ್ನ ಬರದವ್ರು ಯಾರು?"

ಕಾಕಾ ಡಬ್ಬಿ ಎತ್ತಿ ಓದಿದರು. ನನ್ನ ಅಕ್ಷರ ಅವರಿಗೆ ಗೊತ್ತಿತ್ತು. ನನ್ನತ್ತ ತಿರುಗಿಯೂ ನೋಡದೆ, "ನಾನ ಬರದೀನಪ್ಪಾ" ಅಂದರು. ಅವನು ಕೆನ್ನೆಗೆ ಹೊಡೆದ. ಕನ್ನಡಕ ನೆಲಕ್ಕೆ ಬಿತ್ತು. ನಾನು ಬಗ್ಗಿ ಅದನ್ನು ಎತ್ತಿಕೊಟ್ಟೆ. ಅಷ್ಟೇ ಮಾಡಿದೆ.

ಕೂಸು ಎರಡು ದಿನಕ್ಕೆ ಚೇತರಿಸಿಕೊಂಡಿತು. ಮಾಲೀಕರು ಕಾಕಾ ಅವರನ್ನು ಕೆಲಸದಿಂದ ಬಿಡಿಸಿದರು. ಬಸ್ಸಿನ ತನಕ ಅವರ ಚೀಲ ಹೊತ್ತು ಹೋದೆ.

"ಮಾಲಕರಿಗೆ ಖರೇ ಹೇಳ್ತೀನ್ರಿ ಕಾಕಾ."

"ಬ್ಯಾಡ. ನಿಂದು ಈಗಷ್ಟ ಸುರು ಆಗ್ಯಾದ. ಆದ್ರ ಕೇಳಿದವ್ರಿಗೆ ತಿಳಿಸಿ ಹೇಳು, ಎಷ್ಟು ಸಲ ಕೇಳಿದ್ರೂ."

'ಬ್ಯಾಡ' ಎಂದದ್ದೇ ನನ್ನ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ಅಂದಿನಿಂದ ಬಿಂದು ಎಂದು ಬರೆದಿಲ್ಲ. ಯಾರು ಕೇಳಿದರೂ ಬಿಡಿಸಿ ಹೇಳುತ್ತೇನೆ. ಮಾಲೀಕರಿಗೆ ಮಾತ್ರ ಹೇಳಲಿಲ್ಲ.

ಹೋದ ವರ್ಷ ಕಾಕಾ ಮಾನ್ವಿ ತಾಲೂಕಿನ ತಮ್ಮ ಊರು ಕುರ್ಡಿಯಲ್ಲಿ ತೀರಿಕೊಂಡರು.

ಮೊನ್ನೆ ರಾಯಚೂರಿನ ಬಸ್ಸಿನಲ್ಲಿ ಆ ತಂದೆ ನನ್ನ ಪಕ್ಕದಲ್ಲೇ ಕುಳಿತ. ಗುರುತು ಹಿಡಿದ. ಮಗಳು ಈಗ ಶಾಲೆಗೆ ಹೋಗುತ್ತಾಳಂತೆ.

"ನಮ್ಮಾಕಿ ಫೋನ್ ಮಾಡಿ ಕೇಳಿದ್ರೂ ಆ ಮುದುಕ ನೆಟ್ಟಗ ಹೇಳ್ಲಿಲ್ಲ ನೋಡ್ರಿ. ಅದಾನೇನು ಇನ್ನಾ?"

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. "ತೀರಿಕೊಂಡ್ರು," ಅಂದೆ.

"ಹೋಗ್ಲಿ ಬಿಡ್ರಿ. ಸತ್ತವ್ರ ಮ್ಯಾಲ ಏನು ಸಿಟ್ಟು? ನಾನು ಮನಸಿನಾಗ ಇಟ್ಟಿಲ್ಲ."

ನನ್ನ ತಪ್ಪಿಗೆ ಅವನು ಕಾಕಾ ಅವರನ್ನು ಕ್ಷಮಿಸಿದ್ದ. ಗಬ್ಬೂರು ಬಂತು. ಟಿಕೆಟ್ ರಾಯಚೂರಿನ ತನಕ ಇತ್ತು. ನಾನು ಅಲ್ಲೇ ಇಳಿದುಬಿಟ್ಟೆ.