ಉದ್ಯೋಗ: ಮನೆಗೆಲಸ

ರಿಟೈರಾದ ಸಾಲಿ ಮಾಸ್ತರನಿಗೆ ಬನಹಟ್ಟಿಯಲ್ಲಿ ಎರಡು ಕೆಲಸಕ್ಕೆ ಕರೆ ಬರುತ್ತದೆ. ಸತ್ತವರ ಮನೆಯಲ್ಲಿ ನಾಲ್ಕು ಮಾತಾಡುವುದಕ್ಕೆ, ಇದ್ದವರ ಫಾರ್ಮು ತುಂಬುವುದಕ್ಕೆ. ನನ್ನ ಅಕ್ಷರ ದುಂಡಗೆ, ಸರಕಾರಿ ಕಾಗದದ ಒಳಮರ್ಮ ನನಗೆ ತಿಳಿಯುತ್ತದೆ ಎಂದು ಊರಿನವರ ನಂಬಿಕೆ. ಅವರಿಗಿಂತ ಹೆಚ್ಚಾಗಿ ಅದನ್ನು ನಂಬಿದವನು ನಾನು. ಹಾಗಾಗಿ ನಗರಸಭೆಯವರು ಕೇಂದ್ರ ಸರಕಾರದ ಅನುದಾನಕ್ಕೆ ಅರ್ಜಿ ಹಾಕುತ್ತೇವೆ, ಒಂದಿಷ್ಟು ಓಣಿಗಳ ಸಮೀಕ್ಷೆ ಮಾಡಿಕೊಡ್ರಿ ಎಂದಾಗ ಒಂದೇ ಮಾತಿಗೆ ಒಪ್ಪಿದೆ. ಒಪ್ಪಬಾರದಿತ್ತು.

ಅರ್ಜಿ ಹೆಂಗಸರ ಸಲುವಾಗಿ. ನಮ್ಮೂರಿನ ಮಗ್ಗದ ಸದ್ದು ಊರ ಹೊರಗಿನ ತನಕ ಕೇಳುತ್ತದೆ, ಆದರೆ ಆ ಮಗ್ಗದ ಲಾಳಿಯೊಳಗೆ ಕೂಡುವ ಕಂಡಕಿಗೆ ನೂಲು ಸುತ್ತುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಒಲೆಯ ಬಾಜೂ ಕೂತು ಸುತ್ತುತ್ತಾರೆ. ಇಂಥವರಿಗೆಂದು ಒಂದು ದೊಡ್ಡ ಶೆಡ್ಡು, ಗಾಳಿ ಬೆಳಕು, ಕರೆಂಟಿನ ಮಷೀನು, ಹೆಸರು ಬರೆದ ಕಾರ್ಡು, ವಾರಕ್ಕೊಮ್ಮೆ ಬರುವ ಡಾಕ್ಟರು. ದಿಲ್ಲಿಯವರು ಮನಸ್ಸು ಮಾಡಿದರೆ ಇಷ್ಟೂ ಬರುವುದಿತ್ತು.

ಅದರ ದಾರಿ ಕಾಯುತ್ತಿದ್ದವಳು ನನ್ನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ ಹಿಡಿದು, ಬಾಜೂ ಮಗ್ಗದವರಿಗೆ ಕಂಡಕಿ ಸುತ್ತಿಕೊಟ್ಟೇ ಇಷ್ಟು ವರ್ಷ ಹೊಟ್ಟೆ ಹೊರೆದವಳು. ನನ್ನ ಮನೆಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ, ದುಡಿದು ತಿನ್ನುವುದೇ ಛಲೋ ಅನ್ನುವಳು. ಮಷೀನು ಕೊಳ್ಳುವುದು ಆಕೆಗೆ ಎಂದೂ ಆಗಲಿಲ್ಲ, ಕೈಯಿಂದ ತಿರುಗಿಸುವ ರಾಟಿಯೇ ಗತಿ. ಬಲಗೈ ರಟ್ಟೆ ನೋವು ತಡೆಯಲಾರದಷ್ಟಾದಾಗ ಜಮಖಂಡಿಗೆ ಕರೆದೊಯ್ದೆ. ರಾಟಿ ಬಿಡದಿದ್ದರೆ ಈ ಕೈ ಮೇಲಕ್ಕೆ ಏಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಬರುವಾಗ ಬಸ್ಸಿನಲ್ಲಿ ಅಕ್ಕನದು ಒಂದೇ ಮಾತು. ಶೆಡ್ಡು ಆಗುವ ತನಕ ಈ ಕೈ ತಡೆದರೆ ಸಾಕು, ಅಲ್ಲಿ ಬಟನ್ ಒತ್ತಿದರೆ ತಾನೇ ತಿರುಗುತ್ತದಂತೆ.

ಸಮೀಕ್ಷೆಯ ಕಾಗದದಲ್ಲಿ ಉದ್ಯೋಗ ಎಂದೊಂದು ಕಾಲಂ ಇತ್ತು. ಏನು ಕೆಲಸ ಮಾಡ್ತೀರಿ ಎಂದು ಕೇಳಿದರೆ, ಏನೂ ಇಲ್ಲರಿ ಮಾಸ್ತರ, ಮನ್ಯಾಗ ಇರ್ತೇನಿ ಎನ್ನುವರು. ಹಾಗೆ ಹೇಳುವಾಗಲೂ ಅವರ ಕೈ ನಿಂತಿರುತ್ತಿರಲಿಲ್ಲ, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಬೇಕೆಂದೇ ಸುಳ್ಳು ಹೇಳುತ್ತಿದ್ದರು ಅಂತಲ್ಲ. ನಮ್ಮಲ್ಲಿ ಕೆಲಸ ಅಂದರೆ ಮಗ್ಗ. ಕಂಡಕಿ ಸುತ್ತುವುದು ರೊಟ್ಟಿ ಬಡಿದ ಹಾಗೆ, ಭಾಂಡೆ ತಿಕ್ಕಿದ ಹಾಗೆ, ಅದರ ಕೂಲಿಯೂ ಗಂಡನ ಪಗಾರದಲ್ಲೇ ಸೇರಿ ಬರುತ್ತದೆ. ಕೆಲವರಿಗೆ ರೇಷನ್ ಕಾರ್ಡು ಹೋದೀತೆಂಬ ಅಂಜಿಕೆಯೂ ಇತ್ತು. ಅವರು ಹೇಳಿದ್ದನ್ನು ನಾನು ಹಾಗೆಯೇ ಬರೆಯುತ್ತ ಹೋದೆ. ಮನೆಗೆಲಸ, ಮನೆಗೆಲಸ, ಮನೆಗೆಲಸ. ಅಕ್ಷರ ಮಾತ್ರ ದುಂಡಗಿತ್ತು.

ಇಡೀ ಓಣಿಯಲ್ಲಿ ಬೇರೆ ಹೇಳಿದವಳು ಅಕ್ಕ ಒಬ್ಬಳೇ.

"ಕಂಡಕಿ ಸುತ್ತತಾಳ ಅಂತ ಬರಿ," ಅಂದಳು. "ನಾ ಏನ ಖಾಲಿ ಕುಂತೇನಿ?"

ನಾನು ನಕ್ಕೆ. ದುಡಿಮೆ ಇದೆ ಎಂದು ಕಾಗದದ ಮೇಲೆ ಬಂತೆಂದರೆ ನಾಳೆ ಬಿಪಿಎಲ್ ಕಾರ್ಡಿಗೆ ಕುತ್ತು, ವಿಧವಾ ಪಗಾರಕ್ಕೂ ಕುತ್ತು ಎಂದು ಎರಡನೇ ಇಯತ್ತೆಯ ಹುಡುಗರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಹಂಗಾದರೆ ಶೆಡ್ಡು ಯಾರಿಗೆ ಕಟ್ಟುತ್ತಾರೆ ಎಂದು ಆಕೆ ಕೇಳಿದಳು. ಕಾರ್ಡಿನ ಟೇಬಲ್ಲೇ ಬೇರೆ, ಶೆಡ್ಡಿನ ಟೇಬಲ್ಲೇ ಬೇರೆ, ನಿನಗೆ ಅದೆಲ್ಲ ತಿಳಿಯೂದಿಲ್ಲ ಎಂದೆ. ಟೇಬಲ್ಲು ಬೇರೆಯಾಗಿದ್ದರೆ ಕಾರ್ಡಿಗೆ ಕುತ್ತು ಹೇಗೆ ಬಂದೀತು ಎಂದು ಆಕೆ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮನೆಗೆಲಸ ಎಂದು ಬರೆದು, ಓದಿ ಹೇಳಿದೆ. ಅಕ್ಕ ಹೆಬ್ಬೆರಳು ಒತ್ತಿ ಮತ್ತೆ ರಾಟಿಗೆ ಕೂತಳು. ಮಾಸ್ತರ ಸ್ವಂತ ಅಕ್ಕನಿಗೇ ಹಾಗೆ ಬರೆದರಂತೆ ಎಂಬ ಸುದ್ದಿ ನನಗಿಂತ ಮೊದಲೇ ಮುಂದಿನ ಓಣಿಗೆ ಹೋಗಿ ಮುಟ್ಟಿತ್ತು. ಅಲ್ಲಿ ಯಾರಾದರೂ ಕಂಡಕಿ ಎಂದು ಹೇಳಬೇಕೆಂದಿದ್ದರೆ ಅವರೂ ಬಾಯಿ ಮುಚ್ಚಿಕೊಂಡರು.

ಎಷ್ಟೋ ತಿಂಗಳ ಮೇಲೆ ಅರ್ಜಿ ತಿರುಗಿ ಬಂತು. ಅದರ ಫೈಲು ನೋಡಿಕೊಳ್ಳುತ್ತಿದ್ದ ಗುಮಾಸ್ತ ನನ್ನನ್ನು ಕರೆಸಿ, ಕೂಡಿಸಿ, ಚಹಾ ತರಿಸಿ, ಆಮೇಲೆ ಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟ. ಊರಿನವರೇ ಮಾಡಿದ ಸಮೀಕ್ಷೆಯ ಪ್ರಕಾರ ನೂಲು ಸುತ್ತುವ ಹೆಂಗಸರು ಇಲ್ಲವೆಂಬಷ್ಟು ಕಡಿಮೆ, ಇಂಥಲ್ಲಿ ಶೆಡ್ಡಿನ ಅಗತ್ಯ ಕಾಣುವುದಿಲ್ಲ ಎಂದಿತ್ತು. ಗುಮಾಸ್ತ ನನ್ನನ್ನು ಬೈಯಲಿಲ್ಲ. ನಿಮ್ಮ ಅಕ್ಷರ ಛಲೋ ಇತ್ತರಿ, ಅದಕ್ಕ ಸರಿಯಾಗಿ ಓದ್ಯಾರ ನೋಡ್ರಿ ಎಂದ. ಚಾಷ್ಟಿಗೆ ಅಂದನೋ ಖರೆ ಅಂದನೋ ಇವತ್ತಿಗೂ ಗೊತ್ತಿಲ್ಲ.

ಚಹಾದಂಗಡಿಯಲ್ಲಿ ಕೂತವರು ಅಧಿಕಾರಿಗಳಿಗೆ ಮನಸಾರೆ ಬೈದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದು ಒಬ್ಬ ಅಂದ, ಉಳಿದವರು ಹೌದ ಹೌದ ಅಂದರು. ಆ ಪೂಜಾರಿ ಅವರ ನಡುವೆಯೇ ಕಪ್ಪು ಹಿಡಿದು ಕೂತಿದ್ದ. ಹೇಳುವ ಧೈರ್ಯ ಆಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಖರೆ ಹೇಳ್ರಿ ಎಂದು ಕಲಿಸಿದ ನಾಲಿಗೆ ಅವತ್ತು ಹೊರಳಲೇ ಇಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಕ್ಕನಿಗೂ ಹೇಳಲಿಲ್ಲ. ಶೆಡ್ಡಿನ ಸುದ್ದಿ ಏನು ಎಂದು ಕೇಳಿದಾಗಲೆಲ್ಲ ದಿಲ್ಲಿ ಕೆಲಸ, ತಡ ಆಗತೈತಿ ಎನ್ನುತ್ತಿದ್ದೆ. ಆಕೆ ಆ ಮಾತು ನಂಬಿ ರಟ್ಟೆಗೆ ಬಟ್ಟೆ ಬಿಗಿದುಕೊಂಡು ರಾಟಿ ತಿರುಗಿಸುತ್ತಿದ್ದಳು. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಆ ಕಾಲಂ ತುಂಬಿದ್ದು ದಡ್ಡತನ, ಇದು ಹೇಡಿತನ. ಒಂದು ಮುಂಜಾನೆ ಆಕೆ ಎಡಗೈಯಿಂದ ಬಲಗೈ ಎತ್ತಿ ರಾಟಿಯ ಹಿಡಿಕೆಯ ಮೇಲೆ ಇಡುವುದನ್ನು ಕಂಡು ಎಲ್ಲ ಹೇಳಿಬಿಟ್ಟೆ. ಆಕೆ ಎಡಗೈಯಿಂದಲೇ ಬಲಗೈಯನ್ನು ಹಿಡಿಕೆಯಿಂದ ಕೆಳಗಿಳಿಸಿದಳು. ಬೈದಿದ್ದರೆ ಹಗುರಾಗುತ್ತಿದ್ದೆ.

"ಹಂಗ ಬರಿಯೂದು ತಪ್ಪಂತ ಅವತ್ತ ನನಗ ಗೊತ್ತಿತ್ತೋ ತಮ್ಮಾ," ಅಂದಳು. "ನೀ ಕಲತಾಂವ ಅಂತ ಸುಮ್ಮನಾದೆ."

ಮುಂದೆ ನಗರಸಭೆಯವರು ಮತ್ತೊಮ್ಮೆ ಅರ್ಜಿ ಹಾಕುತ್ತೇವೆ ಎಂದರು. ಈ ಸಲ ನನ್ನನ್ನು ಕರೆಯಲಿಲ್ಲ, ಮೊಬೈಲಿನಲ್ಲೇ ಬರೆದುಕೊಳ್ಳುವ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದ್ದರು. ಕರೆಯದಿದ್ದರೂ ನಾನು ಓಣಿ ಓಣಿ ತಿರುಗಿದೆ. ಏನೂ ಇಲ್ಲ ಅನಬ್ಯಾಡ್ರಿ, ಕಂಡಕಿ ಸುತ್ತತೇವಿ ಅನ್ರಿ ಎಂದು ಬಾಗಿಲಿಗೆ ನಿಂತು ಕೈಮುಗಿದು ಹೇಳಿದೆ. ಮಾಸ್ತರಗ ಅರವತ್ತರ ಅರಳು ಮರಳು ಎಂದು ಹೆಂಗಸರು ನಕ್ಕರೂ, ಹೇಳಿದ್ದನ್ನು ಮಾತ್ರ ತಪ್ಪಿಸಲಿಲ್ಲ. ಹುಡುಗಿ ಹೋದ ಮನೆಗಳಲ್ಲೆಲ್ಲ ಕಂಡಕಿ ಎಂದೇ ಬರೆಸಿದರು.

ಕಡೆಗೆ ಆ ಹುಡುಗಿ ನಮ್ಮ ಮನೆಗೆ ಬಂದಳು. ಅಷ್ಟರಲ್ಲಿ ಅಕ್ಕ ತನ್ನ ಕೋಣೆ ಬಿಟ್ಟು ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಕರೆದಾಗ ಬಾರದವಳು ಕೈ ಸೋತಾಗ ಬಂದಿದ್ದಳು. ರಾಟಿಯನ್ನು ಯಾರಿಗೋ ಕೊಟ್ಟಿದ್ದಳು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಆತು ಕೂತಿದ್ದ ಆಕೆಯನ್ನು ಹುಡುಗಿ, ಆಯಿ, ನೀವು ಏನ ಕೆಲಸ ಮಾಡ್ತೀರಿ ಎಂದು ಕೇಳಿದಳು. ಕಂಡಕಿ ಅನ್ನು ಎಂದು ನಾನು ಬಾಗಿಲಲ್ಲಿ ನಿಂತು ಸನ್ನೆ ಮಾಡಿದೆ. ಅಕ್ಕ ನನ್ನನ್ನು ನೋಡಿದಳು, ಆಮೇಲೆ ಹುಡುಗಿಯ ಕಡೆ ತಿರುಗಿದಳು.

"ಏನೂ ಮಾಡಂಗಿಲ್ಲವಾ, ಮನ್ಯಾಗ ಇರ್ತೇನಿ. ಬರಕೋ, ಈಗ ಅದ ಖರೆ ಐತಿ."